ಆರು ಸೀಳಿನ ಕೋಲು

ಬಿದಿರಿಗೂ ನಮಗೂ ಇರುವ ನಂಟು ತೊಟ್ಟಿಲಿನಿಂದ ಚಟ್ಟದವರೆಗಿನದು. ಮೊರ, ಬುಟ್ಟಿ, ಏಣಿ, ಕೊಳಲು ಎಲ್ಲವೂ ಅದರಿಂದಲೇ. ಆದರೆ ಬಿದಿರನ್ನು ಸೀಳಿ, ಒಂದೊಂದು ಸೀಳನ್ನೂ ಕೂದಲೆಳೆಯ ಲೆಕ್ಕದಲ್ಲಿ ಹೆರೆದು, ಮತ್ತೆ ಅಂಟಿಸಿ ಒಂದೇ ಕೋಲನ್ನಾಗಿ ಮಾಡುವ ಅಗತ್ಯ ನಮ್ಮ ಮೇದರಿಗೆ ಬೀಳಲಿಲ್ಲ. ಅದು ಬಿದ್ದದ್ದು ಅಮೆರಿಕದ ಒಬ್ಬ ಬಂದೂಕಿನ ಕಸಬುದಾರನಿಗೆ. ಪೆನ್ಸಿಲ್ವೇನಿಯದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪಿ ಎಂಬಾತ ಬಂದೂಕುಗಳ ಜೊತೆಗೆ ಪಿಟೀಲುಗಳನ್ನೂ ಮಾಡುತ್ತಿದ್ದ. 1840ರ ದಶಕದಲ್ಲಿ ಸೀಳುಬಿದಿರಿನ ಗಾಳದ ಕೋಲನ್ನೂ ಕಟ್ಟಿದ. ಬಿದಿರು ಸೀಳಿ ಅಂಟಿಸುವ ವಿದ್ಯೆ ತಮಗೆ ಮೊದಲೇ ಗೊತ್ತಿತ್ತೆಂದು ಇಂಗ್ಲೆಂಡಿನವರ ತಕರಾರು ಉಂಟು. ಆ ವ್ಯಾಜ್ಯ ಅವರವರಲ್ಲೇ ಇರಲಿ.

ಎರೆಹುಳು ಸಿಕ್ಕಿಸಿ ಕಾದು ಕೂರುವ ಗಾಳ ನಮಗೆ ಗೊತ್ತು. ಟ್ರೌಟ್ ಮೀನಿಗೆ ಒಡ್ಡುವ ಫ್ಲೈ ಗಾಳದ ರೀತಿ ಬೇರೆ. ಕೊಕ್ಕೆಗೆ ಗರಿ, ರೇಷ್ಮೆ ಸುತ್ತಿ ನೊಣದ ವೇಷ ಹಾಕುತ್ತಾರೆ. ಅದಕ್ಕೆ ತೂಕವೇ ಇಲ್ಲ; ಬರಿದೇ ಎಸೆದರೆ ಕಾಲ ಬುಡದಲ್ಲಿ ಬೀಳುತ್ತದೆ. ದಾರದ ತೂಕವೇ ಅದನ್ನು ಒಯ್ಯಬೇಕು. ಆ ದಾರವನ್ನು ಬೀಸಲು ಕೋಲು ಬಳುಕಿ, ಮರುಕ್ಷಣ ನೆಟ್ಟಗಾಗಬೇಕು. ಬಿದಿರಿನ ಬಲವೆಲ್ಲ ಸಿಪ್ಪೆಯ ಕೆಳಗಿನ ನಾರಿನಲ್ಲಿದೆ, ಒಳಗಿನದು ಮೆದು. ಮೆದುಭಾಗವನ್ನು ಹೆರೆದು, ನಾರು ಹೊರಮುಖವಾಗಿ ನಿಲ್ಲುವಂತೆ ದಬ್ಬೆಗಳನ್ನು ಕೂಡಿಸಿದರೆ ತೆಳುವಾದ ತುದಿಯವರೆಗೂ ಕಸುವುಳ್ಳ ಕೋಲು ಕೈಸೇರುತ್ತದೆ. ಅಮೆರಿಕದ ಹೈರಮ್ ಲೆನಾರ್ಡ್ ಎಂಬಾತ ಆರು ತ್ರಿಕೋನ ಸೀಳುಗಳ ಷಟ್ಕೋನವನ್ನು ನೆಲೆಗೊಳಿಸಿ, ಸೀಳು ಕೊಯ್ಯಲು ಯಂತ್ರವನ್ನೂ ಹೂಡಿದ. ಥಾಮಸ್, ಎಡ್ವರ್ಡ್ಸ್, ಪೇನ್ ಮುಂತಾದ ಹೆಸರಾಂತ ಕುಶಲಿಗಳೆಲ್ಲ ಅವನ ಕಾರ್ಖಾನೆಯಲ್ಲಿ ಪಳಗಿದವರೇ.

ಹಾಗಾದರೆ ಈ ಬಿದಿರು ಎಲ್ಲಿಯದು? ಮೊದಲಿಗೆ ನಮ್ಮದೇ. ಹಳೆಯ ಕೋಲುಗಳ ಬಿದಿರಿಗೆ ಅಲ್ಲಿಯವರು ‘ಕಲ್ಕತ್ತಾ ಕೇನ್’ ಎನ್ನುತ್ತಿದ್ದರು. ಹಡಗು ಹತ್ತಿದ ಬಂದರಿನ ಹೆಸರು ಉಳಿಯಿತು. ಬೆಳೆದ ಕಾಡಿನದೂ ಕಡಿದ ಕೈಯದೂ ಉಳಿಯಲಿಲ್ಲ. ಆ ಬಿದಿರಿನ ಮೇಲೆ ಸುಟ್ಟ ಕಪ್ಪು ಮಚ್ಚೆಗಳಿರುತ್ತಿದ್ದವು. ಇಂದು ಹಳೆಯ ಕೋಲುಗಳ ಸಂಗ್ರಾಹಕರು ಅದನ್ನೇ ಗುರುತಾಗಿ ಹಿಡಿಯುತ್ತಾರೆ. ಇನ್ನೊಂದು ನಂಟನ್ನೂ ಇಲ್ಲಿ ಹೇಳಬಹುದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಹೊರಬಂದದ್ದು ಮಂಗಳೂರಿನಿಂದ. ಭಾರತದಲ್ಲಿ ಗಾಳ ಹಾಕುವ ದೊರೆಗಳಿಗೆಲ್ಲ ಅದು ಕೈಪಿಡಿಯಾಯಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಲ್ಕತ್ತೆಯ ಸ್ಥಾನಕ್ಕೆ ‘ಟಾಂಕಿನ್’ ಬಿದಿರು ಬಂತು. ಅದು ನೆಟ್ಟಗಿನದು, ಗೆಣ್ಣುಗಳ ಉಬ್ಬು ಕಡಿಮೆ, ನಾರು ದಟ್ಟ. ಹೆಸರು ಮಾತ್ರ ಇಲ್ಲಿಯೂ ತಪ್ಪು. ಅದು ವಿಯೆಟ್ನಾಮಿನ ಟಾಂಕಿನ್ನಿನದಲ್ಲ, ದಕ್ಷಿಣ ಚೀನದ ಗುವಾಂಗ್‌ಡಾಂಗ್, ಗುವಾಂಗ್ಸಿ ಪ್ರಾಂತಗಳ ಬೆಟ್ಟಗಳದು. ಕ್ಯಾಂಟನ್ನಿನ ಲಿಂಗ್ನಾನ್ ವಿಶ್ವವಿದ್ಯಾನಿಲಯದಲ್ಲಿದ್ದ ಸಸ್ಯವಿಜ್ಞಾನಿ ಫ್ಲಾಯ್ಡ್ ಮೆಕ್ಲೂರ್ 1931ರಲ್ಲಿ ಅದಕ್ಕೆ ‘ಅಮಾಬಿಲಿಸ್’ ಎಂಬ ಲ್ಯಾಟಿನ್ ಹೆಸರಿಟ್ಟ, ಮುದ್ದಾದದ್ದು ಎಂದರ್ಥ. 1950ರಲ್ಲಿ ಕೊರಿಯಾ ಯುದ್ಧದ ಕಾರಣ ಅಮೆರಿಕ ಚೀನದ ವ್ಯಾಪಾರವನ್ನು ನಿಷೇಧಿಸಿದಾಗ ಈ ಮುದ್ದು ಬಿದಿರೂ ನಿಂತುಹೋಯಿತು. ನಿಷೇಧ ತೆರವಾದದ್ದು 1971ರಲ್ಲಿ. ಅಷ್ಟರಲ್ಲಿ ಗಾಜಿನ ನಾರಿನ ಅಗ್ಗದ ಕೋಲು ಮಾರುಕಟ್ಟೆಯನ್ನು ನುಂಗಿತ್ತು. ಅದರ ಬೆನ್ನಿಗೇ ಕಾರ್ಬನ್ ನಾರು ಬಂತು. ಎಂಜಿನಿಯರ್ ಎವರೆಟ್ ಗ್ಯಾರಿಸನ್ ತಾನು ಕೋಲು ಕಟ್ಟುವ ಗಣಿತವನ್ನೂ ಕ್ರಮವನ್ನೂ ಹೋಗಿ ಕಾರ್ಮೈಕಲ್‌ನೊಡನೆ ಸೇರಿ ದಾಖಲಿಸಿದ್ದು 1977ರಲ್ಲಿ ಪುಸ್ತಕವಾದದ್ದರಿಂದ ವಿದ್ಯೆ ಉಳಿಯಿತು. ಅಷ್ಟರಲ್ಲಿ ಗ್ಯಾರಿಸನ್ ತೀರಿಹೋಗಿದ್ದ.

ಹೀಗಾಗಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಎಷ್ಟೋ ಮನೆಗಳ ಅಟ್ಟದ ಮೇಲೆ ತಾತನ ಕೋಲೊಂದು ಬಟ್ಟೆಚೀಲದಲ್ಲಿ ಕಾಯುತ್ತಿದೆ. ಮೊಮ್ಮಗ ಅದನ್ನು ಗೋಡೆಗೆ ತೂಗಬೇಕೆ, ಹೊಳೆಗೆ ಒಯ್ಯಬೇಕೆ? ಒಯ್ಯಬೇಕೆಂದೇ ನನ್ನ ಮತ. ಒಲೆಗೂಡಿನ ಮೇಲೆ ಅಡ್ಡ ತೂಗಿದ ಕೋಲು ಬಿಸಿಗೆ ಒಣಗಿ, ತನ್ನ ಭಾರಕ್ಕೆ ತಾನೇ ಸೊಟ್ಟಗಾಗುವುದುಂಟು. ಆದರೆ ಒಯ್ಯುವ ಮೊದಲು ನೋಡಬೇಕಾದ್ದಿದೆ. ಹಳೆಯ ಕೋಲುಗಳ ಅಂಟು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದದ್ದು. ನೀರು ತಾಗಿದರೆ ಬಿಡುತ್ತದೆ. ಅದನ್ನು ಕಾಯುವುದು ವಾರ್ನಿಷೊಂದೇ. ವಾರ್ನಿಷು ಬಿರಿದಿದ್ದರೆ, ಸುತ್ತಿದ ರೇಷ್ಮೆ ಎಳೆ ಸಡಿಲಿದ್ದರೆ ಮೊದಲು ಬಲ್ಲವನಿಗೆ ತೋರಿಸಬೇಕು. ಮರಳುಕಾಗದ ಹಿಡಿದು ಉಜ್ಜಿ ಹೊಸದು ಮಾಡುವ ಉತ್ಸಾಹಿಗಳು ಸಿಪ್ಪೆಯ ಕೆಳಗಿನ ನಾರನ್ನೇ, ಅಂದರೆ ಕೋಲಿನ ಪ್ರಾಣವನ್ನೇ, ಉಜ್ಜಿಬಿಡುತ್ತಾರೆ. ಹಿಡಿಕೆಯ ಮೇಲೆ ಮಸಿಯಲ್ಲಿ ಬರೆದ ಕಸಬುದಾರನ ಹೆಸರೂ ಅದರೊಡನೆ ಹೋಗುತ್ತದೆ.

ತುಂಡುಗಳನ್ನು ಕೂಡಿಸುವ ಕೊಳವೆಗಳು ಜರ್ಮನ್ ಸಿಲ್ವರಿನವು. ಅದರಲ್ಲಿ ಬೆಳ್ಳಿ ಇರುವುದು ಹೆಸರಿನಲ್ಲಿ ಮಾತ್ರ. ಅವನ್ನು ನೇರವಾಗಿ ಒತ್ತಿ ಸೇರಿಸಬೇಕು, ನೇರವಾಗಿಯೇ ಎಳೆಯಬೇಕು. ತಿರುಚಿದರೆ ಸೀಳುಗಳ ಅಂಟು ಬಿರಿಯುತ್ತದೆ. ಬಿಗಿದುಕೊಂಡರೆ ಕೋಲನ್ನು ಮೊಣಕಾಲುಗಳ ಹಿಂದೆ ಅಡ್ಡ ಹಿಡಿದು, ಕೈಗಳನ್ನು ಕಾಲಿಗೆ ಒತ್ತಿ ಕಾಲುಗಳನ್ನು ಅಗಲಿಸುವುದು ಹಳಬರ ಉಪಾಯ. ದಾರದ ವಿಷಯದಲ್ಲೂ ಎಚ್ಚರ ಬೇಕು. ಈ ಕೋಲುಗಳು ರೇಷ್ಮೆ ದಾರದ ಕಾಲದವು. ಆಗ ದಾರಗಳಿಗೆ ಅಕ್ಷರಗಳ ಗುರುತಿತ್ತು, ತೂಕಕ್ಕೆ ಅನುಸಾರವಾಗಿ ಅಂಕಿಗಳು ಬಂದದ್ದು 1961ರಿಂದೀಚೆಗೆ. ಅಂದಾಜಿನ ಮೇಲೆ ಭಾರದ ದಾರ ಹಾಕಿದರೆ ತುದಿ ಹೋದಂತೆಯೇ. ಕೊಕ್ಕೆ ಕೊಂಬೆಗೆ ಸಿಕ್ಕಿದರೆ ಕೋಲು ಹಿಡಿದು ಜಗ್ಗದೆ, ಕೋಲನ್ನು ಕೆಳಗಿಟ್ಟು ದಾರವನ್ನು ಕೈಯಲ್ಲಿ ಎಳೆಯತಕ್ಕದ್ದು.

ಒಳ್ಳೆಯ ಕೋಲಿಗೆ ಎರಡು ತುದಿಗಳನ್ನು ಕೊಡುವುದು ಹಿಂದಿನಿಂದಲೂ ವಾಡಿಕೆ. ಇಂದು ಒಂದು, ನಾಳೆ ಇನ್ನೊಂದು ಎಂದು ಸರದಿಯಲ್ಲಿ ಬಳಸಿದರೆ ಎರಡೂ ಒಂದೇ ಹದದಲ್ಲಿ ಸವೆಯುತ್ತವೆ. ತಾತ ಒಂದನ್ನೇ ಬಳಸಿದ್ದರೆ ಅದು ಕಂಡೇ ಕಾಣುತ್ತದೆ: ಒಂದು ತುದಿ ಸ್ವಲ್ಪ ಬಾಗಿ, ಗಿಡ್ಡವಾಗಿರುತ್ತದೆ, ಇನ್ನೊಂದರ ವಾರ್ನಿಷು ಅಂಗಡಿಯಿಂದ ತಂದ ದಿನದಂತಿರುತ್ತದೆ. ಸಂಜೆ ಮನೆಗೆ ಬಂದ ಮೇಲೆ ಕೋಲನ್ನು ಒರೆಸಿ, ಗಾಳಿಗೆ ಒಣಗಿಸಿ, ಒಣಗಿದ ಚೀಲದಲ್ಲಿ ಹಾಕಿ ನೇರ ತೂಗುಬಿಡಬೇಕು. ಒದ್ದೆ ಚೀಲವನ್ನು ಹಾಗೆಯೇ ತಗಡಿನ ಕೊಳವೆಗೆ ತುರುಕಿ ಮರೆತವರ ಕೋಲುಗಳೇ ದುರಸ್ತಿಗಾರರ ಬಳಿಗೆ ಬರುತ್ತವೆ.