ಧರ್ಮದರ್ಶಿಗಳು

ದಾನ ಮಾಡುವವನಿಗಿಂತ, ಮಾಡಿದ ದಾನವನ್ನು ಕೆಡದಂತೆ ಕಾಯುವವನಿಗೆ ಪುಣ್ಯವು ಹೆಚ್ಚೆಂಬ ಮಾತು ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಬರುವುದು. ಅದರ ಬಳಿಯಲ್ಲಿಯೇ ಶಾಪವೂ ಇರುವುದು. ದತ್ತಭೂಮಿಯನ್ನು, ಅದು ತನ್ನ ಹಿರಿಯರು ಬಿಟ್ಟುದೇ ಆಗಲಿ, ಅಪಹರಿಸಿದವನು ಅರುವತ್ತು ಸಾವಿರ ವರ್ಷಗಳ ಕಾಲ ಅಮೇಧ್ಯದಲ್ಲಿ ಹುಳುವಾಗಿ ಬಾಳುವನೆಂದು ಬೆದರಿಸಿರುವರು. ಇಂಥ ಘೋರವಾದ ಮಾತನ್ನು ಕಲ್ಲಿನಲ್ಲಿ ಕೊರೆಯಿಸಬೇಕಾಯಿತೆಂದರೆ, ಅಪಹಾರದ ಭಯವು ಅಂದೂ ಕೇವಲ ಕಲ್ಪನೆಯಾಗಿರಲಿಲ್ಲವೆಂದು ತಿಳಿಯಬೇಕು. ಕೊಟ್ಟವನು ಒಂದು ದಿನ ಕೊಟ್ಟು ಹೋಗುವನು. ಕಾಯುವವನು ದಿನದಿನವೂ ಕಾಯಬೇಕು.

ಚಂದ್ರಾ ಲೇಔಟ್, ವಿಜಯನಗರ ಮೊದಲಾದ ಪಶ್ಚಿಮದ ಬಡಾವಣೆಗಳಿಂದ ಪೇಟೆಯ ಕಡೆಗೆ ಹೊರಡುವ ನಮ್ಮ ವಾಚಕರಿಗೆ, ರೈಲು ನಿಲ್ದಾಣದ ಸಮೀಪದಲ್ಲಿರುವ ಗುಬ್ಬಿ ತೋಟದಪ್ಪನವರ ಛತ್ರವು ಅಪರಿಚಿತವಲ್ಲ. ತೋಟದಪ್ಪನವರು 1838ರಲ್ಲಿ ಗುಬ್ಬಿಯಲ್ಲಿ ಜನಿಸಿ, ಬೆಂಗಳೂರಿನ ಮಾಮೂಲುಪೇಟೆಯ ವ್ಯಾಪಾರದಲ್ಲಿ ಐಶ್ವರ್ಯವನ್ನು ಗಳಿಸಿದರು. ಅವರಿಗೆ ಮಕ್ಕಳಿರಲಿಲ್ಲ. 1897ರಲ್ಲಿ ನಿಲ್ದಾಣದ ಬಳಿಯ ನೆಲವನ್ನು ಕ್ರಯಕ್ಕೆ ಪಡೆದು, ಊರಿಗೆ ಹೊಸದಾಗಿ ಬಂದಿಳಿಯುವ ಪ್ರಯಾಣಿಕರಿಗೆ ತಂಗುದಾಣವನ್ನೂ ಬಡ ವಿದ್ಯಾರ್ಥಿಗಳಿಗೆ ಉಚಿತ ವಸತಿಯನ್ನೂ ಏರ್ಪಡಿಸಿದರು. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು 1905ರಲ್ಲಿ ಅವರಿಗೆ ‘ಧರ್ಮಪ್ರವರ್ತ’ರೆಂಬ ಬಿರುದನ್ನಿತ್ತರು. 1910ರಲ್ಲಿ ಅವರು ತೀರಿಕೊಂಡರು.

ಆದರೆ ಅವರ ವಿವೇಕವು ಕಟ್ಟಡಕ್ಕಿಂತಲೂ ಹೆಚ್ಚಾಗಿ ಅವರು ಮಾಡಿದ ಆಯ್ಕೆಯಲ್ಲಿ ತೋರುವುದು. ತಮ್ಮ ಕೊನೆಯ ದಿನಗಳಲ್ಲಿ ಅವರು ಧರ್ಮಸಂಸ್ಥೆಯ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಚೆಟ್ಟರಿಗೆ ಒಪ್ಪಿಸಿದರು. ಪುಟ್ಟಣ್ಣಚೆಟ್ಟರು ಮೈಸೂರು ಸರ್ಕಾರದ ಸೇವೆಯಲ್ಲಿ ನುರಿತವರು. ಮುಂದೆ 1913ರಿಂದ ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿದ್ದವರು. ಇಂದಿನ ಪುರಭವನವು ಅವರ ಹೆಸರನ್ನೇ ಹೊತ್ತಿರುವುದು. ಲೆಕ್ಕಪತ್ರಗಳನ್ನು ಬಲ್ಲ, ನಾಲ್ಕು ಜನರ ಮುಂದೆ ಉತ್ತರ ಹೇಳಿ ಅಭ್ಯಾಸವಿದ್ದ ಇಂಥವರ ಕೈಗೆ ಧರ್ಮವನ್ನಿತ್ತುದರಿಂದ, ದಾತೃವಿನ ಆಯುಸ್ಸು ಮುಗಿದರೂ ದಾನದ ಆಯುಸ್ಸು ಮುಗಿಯಲಿಲ್ಲ.

ಇದಕ್ಕೆ ಎದುರಾದ ನಿದರ್ಶನವು ದೂರದಲ್ಲಿಲ್ಲ. ಇಂದು ಕೆಂಪೇಗೌಡ ಬಸ್ ನಿಲ್ದಾಣವಿರುವ ನೆಲವು ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳವಾಗಿದ್ದಿತು. ಕೆರೆಯನ್ನು ಕಾಪಾಡುವವರಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಡುತ್ತಿದ್ದ ಪದ್ಧತಿಯು ನಮ್ಮ ನಾಡಿನದು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದ ಬಳಿಕ ಊರಿನ ಕೆರೆಗಳ ಮೇಲಣ ಅಕ್ಕರೆಯು ಕುಗ್ಗುತ್ತ ಬಂದಿತು. ಎಲ್ಲರದೂ ಆದ ಸೊತ್ತು ಯಾರ ಹೊಣೆಯೂ ಅಲ್ಲದೆ ಹೋಯಿತು. ಛತ್ರವು ಉಳಿಯಿತು, ಅದರ ಮಗ್ಗುಲ ಕೆರೆಯು ಹೆಸರಿನಲ್ಲಿ ಮಾತ್ರ ಉಳಿಯಿತು. ನೀರಿಲ್ಲದ ಕೆರೆಗೆ ಧರ್ಮದ ಕಡಲೆಂಬ ಹೆಸರಿದ್ದು ಫಲವೇನು?

ಹಾಗಾದರೆ ಧರ್ಮದರ್ಶಿಯಲ್ಲಿ ಇರತಕ್ಕ ಗುಣಗಳಾವುವು? 1882ರ ಟ್ರಸ್ಟ್ ಕಾಯಿದೆಯು ಖಾಸಗಿ ನ್ಯಾಸಗಳಿಗಾಗಿ ಹುಟ್ಟಿದುದಾದರೂ, ಅದರ ತತ್ತ್ವಗಳು ಸಾರ್ವಜನಿಕ ಧರ್ಮಗಳಿಗೂ ದಾರಿದೀಪವಾಗಿವೆ. ವಿವೇಕಿಯು ತನ್ನ ಸ್ವಂತ ಸೊತ್ತನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನ್ಯಾಸದ ಸೊತ್ತನ್ನು ನೋಡಿಕೊಳ್ಳಬೇಕು, ಅದರಿಂದ ತಾನು ಲಾಭ ಪಡೆಯಕೂಡದು, ಲೆಕ್ಕವನ್ನು ಸ್ಪಷ್ಟವಾಗಿಡಬೇಕು, ತನ್ನ ಹೊಣೆಯನ್ನು ಮನಬಂದಂತೆ ಪರರಿಗೆ ವಹಿಸಿ ಸುಮ್ಮನಿರಕೂಡದು. ಸಾರ್ವಜನಿಕ ಧರ್ಮವು ಕೆಟ್ಟರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಂತೆ, ಸಂಬಂಧಪಟ್ಟ ಇಬ್ಬರಾದರೂ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು.

ಆದರೆ ನ್ಯಾಯಾಲಯದ ಬಾಗಿಲನ್ನು ತಟ್ಟುವ ವೇಳೆಗೆ ಹಾನಿಯು ಆಗಿಹೋಗಿರುವುದು. ಧರ್ಮವು ಒಮ್ಮೆಗೇ ಕೆಡುವುದಿಲ್ಲ. ಮಳಿಗೆಯೊಂದು ನಂಟನಿಗೆ ಅಗ್ಗದ ಬಾಡಿಗೆಗೆ ಹೋಗುವುದು. ಒಂದು ವರ್ಷದ ಲೆಕ್ಕ ಮುಂದಿನ ವರ್ಷಕ್ಕೆ ಉಳಿಯುವುದು. ಸಭೆಯಲ್ಲಿ ಪ್ರಶ್ನೆ ಕೇಳಿದವನು ವೈರಿಯೆನಿಸುವನು. ದುಷ್ಟರಿಂದ ಕೆಟ್ಟ ಧರ್ಮಗಳಿಗಿಂತ, ದಾಕ್ಷಿಣ್ಯಕ್ಕೆ ಸಿಕ್ಕಿ ಸುಮ್ಮನಿದ್ದ ಸಜ್ಜನರಿಂದ ಕೆಟ್ಟ ಧರ್ಮಗಳೇ ಹೆಚ್ಚೇನೋ!

ನಮ್ಮ ಬಡಾವಣೆಗಳಲ್ಲಿಯೂ ದೇವಾಲಯ, ವಿದ್ಯಾರ್ಥಿನಿಲಯ, ವಾಚನಾಲಯಗಳಿಗೆ ಸಮಿತಿಗಳಿವೆ. ಅವುಗಳಲ್ಲಿ ಸ್ಥಾನ ಪಡೆದವರು ತಮ್ಮ ಹುದ್ದೆಯ ಕನ್ನಡ ಹೆಸರನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ಅದು ಧರ್ಮಾಧಿಪತಿಯೆಂದಲ್ಲ, ಧರ್ಮದರ್ಶಿಯೆಂದು. ಒಡೆತನವು ಅವರದಲ್ಲ; ಕಣ್ಣಿಟ್ಟು ನೋಡುವ ಕೆಲಸವು ಅವರದು.