ದಂತ, ಪ್ರತಿನಿಧಿ, ಆಭಾಸ

ನಮ್ಮ ಕೆಂಗೇರಿಯ ಮಿತ್ರರೊಬ್ಬರ ಮನೆಯ ಅಟ್ಟದಲ್ಲಿ ಹಳೆಯ ಬಿಲಿಯರ್ಡ್ಸ್ ಕೋಲೊಂದು ದೊರೆಯಿತು. ಅವರ ಅಜ್ಜಂದಿರು ಬೆಂಗಳೂರು ದಂಡಿನಲ್ಲಿ ಉದ್ಯೋಗದಲ್ಲಿದ್ದಾಗ ಬಂದುದಂತೆ. ತುದಿಯಲ್ಲಿ ಬಿಳಿಯದೊಂದು ಬಳೆ, ಬುಡದಲ್ಲಿ ಬಿಳಿಯದೊಂದು ಬಿಲ್ಲೆ. ‘ಮೇಷ್ಟರೆ, ಇದು ಆನೆಯ ದಂತವೇ ಹೇಗೆ?’ ಎಂದು ಕೇಳಿದರು. ಪ್ರಶ್ನೆಯೇನೋ ಅಂಗೈಯಗಲದ್ದು, ಆದರೆ ಅದರ ಹಿಂದಿರುವ ಚರಿತ್ರೆ ಬಹು ದೊಡ್ಡದಾದುದರಿಂದ ವಾಚಕರ ಮುಂದೆ ಅದನ್ನು ಕೊಂಚ ವಿಸ್ತರಿಸಲು ಯತ್ನಿಸಿದ್ದೇನೆ.

ಈ ಆಟಕ್ಕೂ ದಂತಕ್ಕೂ ಇರುವ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಲಿಯರ್ಡ್ಸಿನ ಒಳ್ಳೆಯ ಚೆಂಡೆಂದರೆ ದಂತದ ಚೆಂಡೇ. ಆಂಗ್ಲ ಸೈನ್ಯಾಧಿಕಾರಿಗಳೊಡನೆ ಆಟವು ದಂಡುಗಳಿಗೆ ಬಂದಿತು. ಅದರದೇ ಒಂದು ಕವಲಾದ ಸ್ನೂಕರ್ ಎಂಬುದು 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿ, ನಮ್ಮ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ ನಿಯಮಬದ್ಧವಾಯಿತೆಂದು ಪ್ರಸಿದ್ಧಿಯಿದೆ. ದಂತ ದುಬಾರಿಯಾಗುತ್ತ ಬಂದಂತೆ 1863ರಲ್ಲಿ ಅಮೆರಿಕದ ವರ್ತಕರೊಬ್ಬರು ಅದಕ್ಕೆ ಬದಲಾಗಿ ಬೇರೊಂದು ಪದಾರ್ಥವನ್ನು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರುಗಳ ಬಹುಮಾನವನ್ನು ಸಾರಿದರು. ಆ ಪ್ರೇರಣೆಯಿಂದ ಹೊರಟ ಜಾನ್ ವೆಸ್ಲಿ ಹಯಟ್ ಎಂಬಾತನು ಹತ್ತಿಯ ನಾರಿನಿಂದಾದ ದ್ರವ್ಯಕ್ಕೆ ಕರ್ಪೂರವನ್ನು ಬೆರೆಸಿ ಸೆಲ್ಯುಲಾಯ್ಡನ್ನು ಸಿದ್ಧಪಡಿಸಿದನು. ಅಂದರೆ ಇಂದಿನ ಪ್ಲಾಸ್ಟಿಕ್ಕಿನ ಹಿರಿಯಣ್ಣನು ಹುಟ್ಟಿದ್ದು ಬಿಲಿಯರ್ಡ್ಸ್ ಮೇಜಿನ ಆಸುಪಾಸಿನಲ್ಲಿ ಎಂದರೆ ತಪ್ಪಾಗದು.

ಇಲ್ಲಿ ಮೀಮಾಂಸಕರ ವಿವೇಕವೊಂದು ನೆನಪಿಗೆ ಬರುತ್ತದೆ. ಸೋಮಲತೆ ದೊರೆಯದಿದ್ದರೆ ಪೂತೀಕವೆಂಬ ಬಳ್ಳಿಯಿಂದ ಯಾಗವನ್ನು ನಡೆಸಬಹುದೆಂದು ಶಾಸ್ತ್ರವಿದೆ, ಅದು ಪ್ರತಿನಿಧಿ. ಪೂತೀಕವನ್ನೇ ಸೋಮವೆಂದು ಹೇಳಿ ಮಾರಿದರೆ ಅದು ವಂಚನೆ. ಸೆಲ್ಯುಲಾಯ್ಡೂ ಅಷ್ಟೆ: ತನ್ನ ಹೆಸರಿನಲ್ಲಿ ಇರುವಷ್ಟು ಕಾಲ ಪ್ರತಿನಿಧಿ, ದಂತದ ಹೆಸರನ್ನು ಹೊತ್ತ ಕ್ಷಣ ಆಭಾಸ.

ಹಾಗಾದರೆ ನಿಜವಾದ ದಂತದ ಲಕ್ಷಣವೇನು? ವರಾಹಮಿಹಿರನು ಬೃಹತ್ಸಂಹಿತೆಯ ಶಯ್ಯಾಸನಲಕ್ಷಣದಲ್ಲಿ ಮಂಚಕ್ಕೆ ಒದಗುವ ದಂತವನ್ನು ಕುರಿತು ಹೇಳುತ್ತ, ದಂತದ ಬುಡದ ಸುತ್ತಳತೆಯ ಎರಡರಷ್ಟನ್ನು ಬಿಟ್ಟು ಮುಂದಿನ ಭಾಗವನ್ನು ಮಾತ್ರ ಬಳಸಬೇಕೆನ್ನುತ್ತಾನೆ. ಕತ್ತರಿಸಿದ ಮುಖದಲ್ಲಿ ಶ್ರೀವತ್ಸ, ಛತ್ರ, ಧ್ವಜ, ಚಾಮರಗಳ ಆಕೃತಿ ಕಂಡರೆ ಆರೋಗ್ಯ, ವಿಜಯ, ಧನವೃದ್ಧಿಗಳೆಂದು ಫಲವನ್ನೂ ಹೇಳಿದ್ದಾನೆ. ಫಲವನ್ನು ನಂಬುವುದು ಬಿಡುವುದು ಅವರವರ ಚಿತ್ತ. ಆದರೆ ಛೇದದ ಮುಖವನ್ನು ಕಣ್ಣಿಟ್ಟು ನೋಡುವ ಪದ್ಧತಿಯು ನಮ್ಮಲ್ಲಿತ್ತೆಂಬುದಂತೂ ಸ್ಪಷ್ಟ. ಇಂದಿನ ಪರೀಕ್ಷಕರೂ ಅಲ್ಲಿಯೇ ನೋಡುತ್ತಾರೆ. ಆನೆಯ ದಂತವನ್ನು ಅಡ್ಡಲಾಗಿ ಕೊಯ್ದಾಗ ಬಾಗಿದ ಗೆರೆಗಳು ಎರಡು ದಿಕ್ಕಿನಿಂದ ಬಂದು ಒಂದನ್ನೊಂದು ಛೇದಿಸಿ, ಚಾಪೆಯ ಹೆಣಿಗೆಯಂತೆ ಕಾಣುತ್ತವೆ. 1800ರಲ್ಲಿ ಇವನ್ನು ವರ್ಣಿಸಿದ ಜರ್ಮನ್ ಪಂಡಿತನ ಹೆಸರಿನಿಂದ ಇವಕ್ಕೆ ಶ್ರೆಗರ್ ರೇಖೆಗಳೆಂದು ಹೆಸರು. ದಂತದ ಹೊರ ಅಂಚಿನ ಬಳಿ ಈ ರೇಖೆಗಳು ಕೂಡುವ ಕೋನವು 115 ಅಂಶಗಳಿಗೆ ಮೀರಿದ್ದರೆ ಈಗಿನ ಆನೆ. 90ಕ್ಕಿಂತ ಕಡಿಮೆಯಿದ್ದರೆ ಸೈಬೀರಿಯದ ಹಿಮದಲ್ಲಿ ಹೂತು ಸಿಕ್ಕುವ, ನಿರ್ವಂಶವಾದ ಮಹಾಗಜ ಮ್ಯಾಮತ್. ನಡುವಣ ಕೋನವು ಸಂದೇಹಕ್ಕೆಡೆ.

ಕೋಲಿನ ವಿಷಯದಲ್ಲಿ ತೊಡಕೊಂದುಂಟು. ತುದಿಯ ಬಳೆಯ ಛೇದಮುಖವು ಚರ್ಮದ ಟೋಪಿಯ ಕೆಳಗೆ ಅಡಗಿರುತ್ತದೆ. ನಮಗೆ ಕಾಣುವುದು ಪಕ್ಕದ ಮೈ ಮಾತ್ರ. ಅಲ್ಲಿ ಹೆಣಿಗೆಯಿಲ್ಲ, ಉದ್ದಕ್ಕೆ ಹರಿದ ಮಂದವಾದ ಅಲೆಗೆರೆಗಳಷ್ಟೆ. ಆದುದರಿಂದ ಚರ್ಮವನ್ನು ಬದಲಿಸುವ ಸಮಯದಲ್ಲಿ ಭೂತಗನ್ನಡಿ ಹಿಡಿದು ನೋಡುವುದು ಲೇಸು. ಮೂಳೆಯಾದರೆ ರಕ್ತನಾಳಗಳಿದ್ದ ಸಣ್ಣ ರಂಧ್ರಗಳು ಕಪ್ಪು ಚುಕ್ಕೆಗಳಾಗಿ, ಪಕ್ಕದಲ್ಲಿ ತುಂಡುಗೀರುಗಳಾಗಿ ತೋರುವುವು. ಸೆಲ್ಯುಲಾಯ್ಡಿನಲ್ಲಿಯೂ ಗೆರೆಗಳನ್ನು ಮೂಡಿಸುತ್ತಿದ್ದರು. ಆದರೆ ಅವು ಕಾಪಿಪುಸ್ತಕದ ಗೆರೆಗಳಂತೆ ಒಂದೇ ಸಮನಾಗಿರುತ್ತವೆ. ಪ್ರಕೃತಿಯು ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆಯುವುದಿಲ್ಲ. ಬೆರಳಿನಿಂದ ಬಲವಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬಂದೀತು.

ಕಾದ ಸೂಜಿಯನ್ನು ಚುಚ್ಚಿ ನೋಡಿರೆಂದು ಹೇಳುವವರಿದ್ದಾರೆ. ಇದು ನನಗೆ ಸರಿತೋರದು. ದಂತವು ಕರಗುವುದಿಲ್ಲವೆಂಬುದು ನಿಜ, ಮೂಳೆಯೂ ಕರಗುವುದಿಲ್ಲವಷ್ಟೆ! ಇನ್ನು ಸೆಲ್ಯುಲಾಯ್ಡಾದರೋ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಪರೀಕ್ಷಿಸಹೋಗಿ ಕೋಲನ್ನೂ ಮೀಸೆಯನ್ನೂ ಸುಟ್ಟುಕೊಳ್ಳಬಾರದು. ತೂಕದ ಪರೀಕ್ಷೆಯೂ, ಬಳೆಯು ಮರಕ್ಕೆ ಅಂಟಿರುವತನಕ, ಉಪಯೋಗಕ್ಕೆ ಬಾರದು.

ಇದೇ ಪರೀಕ್ಷೆಯು ನಮ್ಮ ಮೈಸೂರು ಹೆದ್ದಾರಿಯುದ್ದಕ್ಕೂ ಒದಗುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರವನ್ನು ಅದರ ಬಿಳುಪಿಗಾಗಿ ಆಂಗ್ಲರು ದಂತದ ಮರವೆಂದೇ ಕರೆದರು. ಶ್ರೀರಂಗಪಟ್ಟಣದ ಗುಂಬಜಿನ ಕರಿಮರದ ಬಾಗಿಲುಗಳಲ್ಲಿ ಹುದುಗಿಸಿರುವುದು ನಿಜವಾದ ದಂತ. ಡಾಲ್‌ಹೌಸಿಯ ಕೊಡುಗೆಯೆಂದು ಪ್ರತೀತಿ. ಮೈಸೂರಿನ ಕುಶಲಿಗಳು ಬೀಟೆಮರದಲ್ಲಿ ದಂತವನ್ನು ಕೂರಿಸುವುದರಲ್ಲಿ ಪ್ರಖ್ಯಾತರು. ಅರಮನೆಯ ಬಾಗಿಲುಗಳೇ ಅದಕ್ಕೆ ಸಾಕ್ಷಿ. ದಂತವು ನಿಷಿದ್ಧವಾದ ಮೇಲೆ ಅವರು ಬಣ್ಣಬಣ್ಣದ ಮರಗಳನ್ನೂ ಬಿಳಿಯ ಪ್ಲಾಸ್ಟಿಕ್ಕನ್ನೂ ಬಳಸುತ್ತಿದ್ದಾರೆ. ಇದನ್ನು ಕಂಡು ‘ಈಗಿನದು ಬರೀ ನಕಲಿ’ ಎಂದು ಮೂಗುಮುರಿಯುವವರು ಆ ಕೈಗಳಿಗೆ ಅನ್ಯಾಯ ಮಾಡುತ್ತಿದ್ದಾರೆ. ಗರಗಸವೂ ಉಳಿಯೂ ಅವೇ, ಒರೆಯೂ ಅದೇ, ಬದಲಾದುದು ಪದಾರ್ಥವೊಂದೇ.

ಬದಲಾಗದೆ ಗತಿಯಿರಲಿಲ್ಲ. ಏಷ್ಯಾದ ಆನೆಗಳಲ್ಲಿ ಗಂಡಿಗೆ ಮಾತ್ರ ಉದ್ದನೆಯ ದಂತ. ಆದುದರಿಂದ ದಂತದಾಸೆಗೆ ಬಲಿಯಾದುದು ಸಲಗಗಳೇ. ಹೆಣ್ಣಾನೆಗಳು ಉಳಿದರೂ ಹಿಂಡು ಬೆಳೆಯದಂತಾಯಿತು. ಮಲೆಮಹದೇಶ್ವರ ಬೆಟ್ಟದ ಸುತ್ತಿನ ಕಾಡುಗಳಲ್ಲಿ ವೀರಪ್ಪನ್ ನಡೆಸಿದ ಸಂಹಾರವನ್ನು ಕನ್ನಡಿಗರು ಮರೆತಿಲ್ಲ. ಅವನನ್ನು ಶರಣಾಗತನನ್ನಾಗಿ ಮಾಡಲು ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರು 1991ರಲ್ಲಿ ಪ್ರಾಣವನ್ನೇ ತೆತ್ತರು. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ಆನೆಯನ್ನು ಕೊಂದವನಿಗೆ ಮರಣದಂಡನೆಯನ್ನು ವಿಧಿಸಿ, ತಾನಾಗಿ ಸತ್ತ ಆನೆಯ ಜೋಡಿದಂತವನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣಗಳನ್ನು ಕೊಡಿಸುತ್ತಾನೆ. ದಂತವು ಬೇಕು, ಆನೆಯು ಸಾಯಬಾರದು. ಅರಸನ ಸೈನ್ಯಕ್ಕೆ ಆನೆಯೇ ಬಲವಲ್ಲವೆ!

ನಮ್ಮ ಕಾಲದ ಶಾಸನವು ಬಹುಮಾನವನ್ನೂ ಉಳಿಸಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಬಂದ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವೂ, 1991ರದರಿಂದ ಆಫ್ರಿಕದ ದಂತದ ವ್ಯಾಪಾರವೂ ನಿಂತುಹೋದುವು. ಆದುದರಿಂದ ಅಟ್ಟದ ಕೋಲಿನ ಬಳೆಯಲ್ಲಿ ಹೆಣಿಗೆಯ ರೇಖೆ ಕಂಡುಬಂದರೆ, ಬೆಲೆಯೆಷ್ಟೆಂದು ವಿಚಾರಿಸುವ ಮಾತೇ ಇಲ್ಲ. ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳುವುದಕ್ಕೂ ಕ್ರಮವಿದೆ: ವಾರಸುದಾರನು ತನ್ನ ಕೈಸೇರಿದ ತೊಂಬತ್ತು ದಿನಗಳೊಳಗೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಲಿಖಿತ ಘೋಷಣೆಯನ್ನು ಸಲ್ಲಿಸತಕ್ಕದ್ದು. ಮೂಳೆಯೆಂದೋ ಸೆಲ್ಯುಲಾಯ್ಡೆಂದೋ ತೀರ್ಮಾನವಾದರೆ ಅರ್ಜಿಯ ಗೊಡವೆಯಿಲ್ಲ. ಕೋಲಿಗೆ ಹೊಸ ಚರ್ಮವನ್ನಂಟಿಸಿ ಮೊಮ್ಮಕ್ಕಳ ಕೈಗೆ ಆಡಲು ಕೊಡಬಹುದು.