ಆತಕೂರಿನ ಕಾಳಿ ಮತ್ತು ಅಕ್ಕನ ಮನೆಯ ನಾಯಿ

ಅಕ್ಕನ ಮಕ್ಕಳಿಗೆ ನಾಯಿ ಬೇಕಂತೆ. ದೊಡ್ಡವಳಿಗೆ ಏಳು, ಚಿಕ್ಕವನಿಗೆ ಮೂರು. "ಯಾವ ಜಾತಿದು ತರೋದು, ನೀನೇ ನೋಡಿ ಹೇಳೋ" ಅಂದಳು. ನನಗೆ ಥಟ್ಟನೆ ಹೊಳೆದದ್ದು ಮುಧೋಳ. ನಮ್ಮ ನಾಡಿನದೇ ತಳಿ, ಅಭಿಮಾನ ಬೇರೆ!

ಬೇಟೆನಾಯಿಯ ಮೇಲೆ ನಮಗಿರುವ ಪ್ರೀತಿ ಇವತ್ತಿನದಲ್ಲ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲರನಿಗೆ ಗಂಗರ ಬೂತುಗ "ಏನು ಬೇಕೋ ಕೇಳು" ಅಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೆ ನಿಲ್ಲಿಸಿದ ಕ್ರಿ.ಶ. 949-50ರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಆದರೆ ತಳಿಯ ಇತಿಹಾಸದಲ್ಲೇ ಅದರ ಸ್ವಭಾವವೂ ಇರುತ್ತದೆ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ನಾಯಿ ಓಡುವುದನ್ನು ಕಂಡರೆ ಅಟ್ಟುತ್ತದೆ. ಅದಕ್ಕೆ ಬಯಲು ಬೇಕು, ಅಕ್ಕನದು ಎರಡು ಕೋಣೆಯ ಫ್ಲಾಟು. ಲ್ಯಾಬ್ರಡಾರ್ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳ ವಂಶ. ಬ್ರಿಟನ್ನಿನಲ್ಲಿ ಅದನ್ನು ಬೆಳೆಸಿದ್ದು ಗುಂಡೇಟು ತಿಂದ ಹಕ್ಕಿಯನ್ನು ಹಾಳುಮಾಡದೆ ಎತ್ತಿ ತರಲು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಮಾನ್ಯತೆ ಕೊಟ್ಟಿತು. ಮೆತ್ತನೆ ಬಾಯಿ, ಜನರೊಡನೆ ಕೆಲಸ ಮಾಡುವ ಬುದ್ಧಿ... ಮಕ್ಕಳ ಮನೆಗೆ ಇದೇ ಸರಿ ಅನ್ನಿಸಿತು.

ಆದರೂ ಅಕ್ಕನಿಗೆ "ಈಗಲೇ ಬೇಡ" ಅಂದೆ. ಚಿಕ್ಕವನು ಬಾಲ ಎಳೆಯಬಾರದು ಅಂತ ಕಲಿಯಲಿ, ದಿನಾ ಎರಡು ಹೊತ್ತು ವಾಕಿಂಗ್ ಯಾರು ಕರೆದೊಯ್ಯುತ್ತೀರಿ ಅಂತ ತೀರ್ಮಾನವಾಗಲಿ. ನಾನು ಚಿಕ್ಕವನಿದ್ದಾಗ ನೋಟಕ್ಕೆ ಮರುಳಾಗಿ ತಂದ ಆಲ್ಸೇಷಿಯನ್ನನ್ನು ಎಂಟೇ ತಿಂಗಳಿಗೆ ಯಾರಿಗೋ ಕೊಟ್ಟುಬಿಟ್ಟೆವು. ಅದು ಗೇಟಿನ ಹತ್ತಿರ ತಿರುಗಿ ನೋಡಿದ್ದು ಅಕ್ಕನಿಗೂ ನೆನಪಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.